ರಾತ್ರಿ ಪಾಳಿಯ ಗೀಟುಗಳು

ಸಂಡರ್ಲೆಂಡಿನಲ್ಲಿ, ವೇರ್ ನದಿ ಕಡಲಿಗೆ ಬಾಯ್ದೆರೆಯುವ ಕಡೆ,
ಇಡೀ ರಾತ್ರಿ ದೀಪವಾರದ ಗ್ರಂಥಾಲಯದ
ಕೆಳಗಿನ ಮೇಜು ನನ್ನದು.
ಮೇಲೊಂದು ಹಲಗೆ: ‘ಏನು ಬೇಕಾದರೂ ಕೇಳಿ.’
ಕೇಳುತ್ತಾರೆ,
ಪುಸ್ತಕವೊಂದನ್ನು ಬಿಟ್ಟು.

ಸ್ಟೇಪ್ಲರ್ ಇದೆಯಾ. ಚಾರ್ಜರ್ ಇದೆಯಾ.
ಪ್ರಿಂಟರು ನನ್ನ ಹೆಸರನ್ನೇ ಒಪ್ಪುತ್ತಿಲ್ಲ, ಯಾಕೆ.
ಅಜ್ಜಿ ಹೇಳಿದ ಮಾತನ್ನು ಅಡಿಟಿಪ್ಪಣಿಯಲ್ಲಿ ಹೇಗೆ ಹಾಕಲಿ.
ಅದಕ್ಕೆ ಸೋಮವಾರ ಬಾ, ಬರವಣಿಗೆಗೆ ನೆರವಾಗುವವರು
ಹತ್ತಕ್ಕೆ ಕೂರುತ್ತಾರೆ.
ಅಳುವುದಕ್ಕೊಂದು ಕೋಣೆ ಸಿಗುತ್ತದಾ
ಎಂದು ಯಾರೂ ಕೇಳುವುದಿಲ್ಲ;
‘ಗುಂಪು ಅಧ್ಯಯನ, ಒಬ್ಬರಿಗೆ’ ಅನ್ನುತ್ತಾರೆ.
ನಾಲ್ಕನೇ ಕೋಣೆಯ ಕೀಲಿ ಕೊಡುತ್ತೇನೆ,
ಅದರ ಗಾಜಿಗೆ ಪರದೆಯಿದೆ.

ಒಂದೊಂದು ಪ್ರಶ್ನೆಗೆ ಒಂದೊಂದು ಗೀಟು.
ಹಾಳೆಯಲ್ಲಿ ಮೂರೇ ಮನೆ:
ದಾರಿ. ಯಂತ್ರ. ವಿಷಯ.
ನಾಲ್ಕು ನಿಂತ ಗೀಟು, ಐದನೆಯದು ಅಡ್ಡ.
ಅವ್ವ ಹಾಲಿನ ಲೆಕ್ಕವನ್ನು ಬಾಗಿಲ ಹಿಂದೆ
ಇದ್ದಿಲಲ್ಲಿ ಗೀಚುತ್ತಿದ್ದಳು. ಅಡ್ಡಗೀಟು ಅವಳಿಗೆ ಗೊತ್ತಿರಲಿಲ್ಲ,
ಸಾಲು ಸುಮ್ಮನೆ ಚೌಕಟ್ಟಿನವರೆಗೂ ಬೆಳೆಯುತ್ತಿತ್ತು.

ನವೆಂಬರಿನ ಒಂದು ರಾತ್ರಿ, ಎರಡು ನಲವತ್ತಕ್ಕೆ
ಬೆಂಕಿಯ ಗಂಟೆ ಹೊಡೆಯಿತು.
ಕಾವಲಿನ ಬಿಲ್ಕಿಸು ಟಾರ್ಚು ಹಿಡಿದು ಮೂರನೆಯ ಮಹಡಿಗೆ ಓಡಿದಳು.
ಅದು ಸದ್ದಿಲ್ಲದ ಮಹಡಿ; ಅಲ್ಲಿ ಪೆನ್ನು ಬಿದ್ದರೆ
ಹನ್ನೆರಡು ತಲೆ ಏಳುತ್ತವೆ.
ಇಳಿದು ಬಂದರು: ಕಂಬಳಿ ಹೊದ್ದವರು,
ಲ್ಯಾಪ್‌ಟಾಪನ್ನು ಕೂಸಿನಂತೆ ಎದೆಗವಚಿದವರು,
ಕೆನ್ನೆಯ ಮೇಲೆ ನೋಟ್‌ಬುಕ್ಕಿನ ತಂತಿಯ ಅಚ್ಚು ಬಿದ್ದವನೊಬ್ಬ.

ಹೊರಗೆ ಉತ್ತರ ಸಮುದ್ರದ ಗಾಳಿ.
ಅದಕ್ಕೆ ಗುರುತಿನ ಚೀಟಿ ಬೇಡ,
ಸೀದಾ ಮೂಳೆಯೊಳಕ್ಕೇ ಪ್ರವೇಶ.
ತಲೆ ಎಣಿಸಿದೆ, ಅರವತ್ತೊಂದು.
ಮತ್ತೆ ಎಣಿಸಿದೆ, ಅರವತ್ತು.
ಚಳಿಗೆ ಜನ ಒಬ್ಬರಿಗೊಬ್ಬರು ಅಂಟಿಕೊಂಡರೆ
ಲೆಕ್ಕ ತಪ್ಪುತ್ತದೆ.

ಸದ್ದಿಲ್ಲದ ಮಹಡಿಯವರು ಸುದ್ದಿಗೆ ಬಿದ್ದರು.
ಆರು ವಾರ ಪಕ್ಕಪಕ್ಕದ ಮೇಜಿನಲ್ಲಿ ಕೂತ
ಮೈರ್, ಹಮ್ಜಾ: ಒಬ್ಬರ ಕೆಮ್ಮು ಒಬ್ಬರಿಗೆ ಗೊತ್ತು,
ಹೆಸರು ಗೊತ್ತಿರಲಿಲ್ಲ.
‘ನೀನೇನಾ ವಿನಿಗರ್ ಚಿಪ್ಸು?’
‘ನೀನೇನಾ ಪೆನ್ನಿನ ಟಕ್ ಟಕ್?’
ಯಾರೋ ಒಂದು ಚಾಕಲೇಟನ್ನು ಹನ್ನೊಂದು ಪಾಲು ಮಾಡಿದರು.
ಸೈಕಲ್ ಸೂರಿನ ಮೇಲೆ ಕಡಲಹಕ್ಕಿಯೊಂದು
ಎದ್ದು, ನಮ್ಮನ್ನೆಲ್ಲ ಬೈದು, ಮತ್ತೆ ಮಲಗಿತು.

ಬೆಂಕಿ ಇರಲಿಲ್ಲ.
ಅಡುಗೆಮೂಲೆಯ ಮೈಕ್ರೋವೇವಿನಲ್ಲಿ
ಒಂದು ಜೊತೆ ಕಾಲ್ಚೀಲ, ಹೊಗೆಯಾಡುತ್ತ.

ರೋಲಂಡ್. ವಯಸ್ಸು ಐವತ್ತೆರಡು.
ಇಪ್ಪತ್ತಾರು ವರ್ಷ ಬಸ್ಸು ಓಡಿಸಿ ಈಗ ನರ್ಸಿಂಗ್ ಮೊದಲ ವರ್ಷ.
ವೃದ್ಧರ ಮನೆಯ ಪಾಳಿ ಮುಗಿಸಿ, ಕೊನೆಯ ಬಸ್ಸು ತಪ್ಪಿ
(‘ನಾನೇ ಕಲಿಸಿದ ಡ್ರೈವರು, ನಿಲ್ಲಿಸಲಿಲ್ಲ ನೋಡು’)
ಮೂರು ಮೈಲಿ ಮಳೆಯಲ್ಲಿ ನಡೆದು ಬಂದಿದ್ದ.
ಬೆಳಿಗ್ಗೆ ಔಷಧದ ಅಳತೆಯ ಪರೀಕ್ಷೆ.
ಅಷ್ಟು ದೊಡ್ಡ ದೇಹ, ಬರಿಗಾಲು, ಎಲ್ಲರೆದುರು.
‘ಎರಡೇ ನಿಮಿಷ ಅಂತ ಇಟ್ಟೆ,’ ಅಂದ,
‘ಗುಣಾಕಾರದಲ್ಲಿ ಮೈಮರೆತೆ.’

ಯಾರೂ ನಗಲಿಲ್ಲ ಅಂದರೆ ಸುಳ್ಳು. ನಕ್ಕರು. ಅವನೂ ನಕ್ಕ.
ಬಿಲ್ಕಿಸು ವರದಿಯ ಪುಸ್ತಕ ತೆರೆದು
‘ಕಾರಣ’ ಎಂಬಲ್ಲಿ ಬಹಳ ಹೊತ್ತು ಪೆನ್ನು ತಡೆಹಿಡಿದಳು.
ಕೊನೆಗೆ ಬರೆದಳು: ತೇವ.

ಬಿಟ್ಟುಹೋದ ವಸ್ತುಗಳ ಪೆಟ್ಟಿಗೆ ನನ್ನ ಮೇಜಿನಡಿ.
ಕೊಡೆ ಒಂಬತ್ತು, ಒಂಟಿ ಕಿವಿಯೋಲೆ, ಹಲ್ಲಿನ ಕ್ಲಿಪ್ಪು,
ಬೆರಳು ಬಿಡಿಸದ ಕೆಂಪು ಉಣ್ಣೆಯ ಕೈಗವಸು,
ಫೆಬ್ರವರಿಯಿಂದ ಯಾರೂ ಕೇಳಿಲ್ಲ.
ಕೈಯದ್ದು ಕಾಲಿಗಾದೀತೇ? ಆಯಿತು.
ಹಿಮ್ಮಡಿ ಹೊರಗೆ, ಹೆಬ್ಬೆರಳ ಗೂಡು ಪಕ್ಕಕ್ಕೆ ಚಾಚಿ,
ಆರಡಿ ರೋಲಂಡ್ ಬಾತುಕೋಳಿಯ ಹಾಗೆ
ಮೆಟ್ಟಿಲು ಹತ್ತಿದ.
ನಡುವೆ ನಿಂತು ಕೇಳಿದ, ‘ಯಾವತ್ತು ವಾಪಸ್ಸು?’
ಇಲ್ಲೀಗ ತಡವಾದರೆ ದಂಡವಿಲ್ಲ, ಅಂದೆ.

ಮೂರೂವರೆಗೆ ಮೇಲೆ ಮತ್ತೆ ಸದ್ದಿಲ್ಲ.
ಯಾರೋ ಕೆಮ್ಮಿದರು;
ಈಗ ಆ ಕೆಮ್ಮಿಗೊಂದು ಹೆಸರಿತ್ತು.

ಹಾಳೆ ತೆಗೆದೆ. ದಾರಿ? ಅಲ್ಲ.
ಯಂತ್ರ? ಮೈಕ್ರೋವೇವು ಲೆಕ್ಕಕ್ಕೆ ಬಂದೀತೇನೋ, ಆದರೂ.
‘ವಿಷಯ’ದ ಮನೆಯಲ್ಲಿ ನಾಲ್ಕು ಗೀಟು
ಸಂಜೆಯಿಂದ ನಿಂತೇ ಇದ್ದವು.
ಐದನೆಯದನ್ನು ಅಡ್ಡ ಎಳೆದೆ.