ಹಾಸನ, ಪೆನ್ಷನ್ ಮೊಹಲ್ಲಾ

ಹತ್ತೊಂಬತ್ತು ವರ್ಷ ಈ ಗಲ್ಲಿಯಲ್ಲಿ
ನನ್ನ ಕಂಡರೆ ಬಾಗಿಲು ಅರ್ಧ ಮುಚ್ಚುತ್ತಿತ್ತು.
ಇವತ್ತು ಜುಲೇಖಾಬಿಯವರ ಮೀಟರಿನಲ್ಲಿ
ಕೊಂಡದ್ದಕ್ಕಿಂತ ಕೊಟ್ಟದ್ದೇ ಜಾಸ್ತಿ.

"ಬಾಕಿ ಎಷ್ಟಪ್ಪಾ?"
"ನಿಮ್ಮದಲ್ಲ, ನಮ್ಮದು. ನೂರಾ ಹನ್ನೆರಡು ರೂಪಾಯಿ."
ಚೀಟಿ ಮಗುಚಿ ನೋಡಿದರು,
ಹಿಂದೆಲ್ಲಾದರೂ ದಂಡ ಬರೆದಿದೆಯೋ ಎಂದು.

ತಾರಸಿಗೆ ಕರೆದೊಯ್ದರು.
ನಾಲ್ಕು ನೀಲಿ ಹಲಗೆ. ಅಂಚಿನಲ್ಲಿ ಉಳಿದದ್ದು
ಹಳೇ ಸೀರೆಯಗಲದ ಬಿಸಿಲು,
ಅದರ ತುಂಬ ಒತ್ತೊತ್ತಾಗಿ ಸಂಡಿಗೆ.
"ಇವಕ್ಕೂ ಪಾಲು ಬೇಕಲ್ಲ."

ಅಷ್ಟರಲ್ಲಿ ಮೂರು ಗಂಟೆ.
ಪಕ್ಕದವರು ಹೋದ ತಿಂಗಳು ಏರಿಸಿದ ಮೂರನೇ ಮಹಡಿ
ಮೆಲ್ಲಗೆ ಕಾಲು ಚಾಚಿತು.
ಮೊದಲು ಸಂಡಿಗೆ, ಆಮೇಲೆ ಹಲಗೆ.

ಸೀರೆ ಸಮೇತ ಸಂಡಿಗೆ ಎಳೆದುಕೊಂಡರು;
ಹಲಗೆ ಎಳೆಯಲಾಗಲಿಲ್ಲ.
"ಇದನ್ನೂ ಬರ್ಕೋ" ಅಂದರು.

ಕೈಯಲ್ಲಿದ್ದ ಮಷೀನು ಒತ್ತಿ ಒತ್ತಿ ಹುಡುಕಿದೆ.
ನೆರಳಿಗೆ ಕಾಲಂ ಇಲ್ಲ.