ಕೂದಲೆಳೆಯಷ್ಟು ಸಂದು

ಗ್ಯುಮ್ರಿಯ ಕರಿಗಲ್ಲ ಗ್ಯಾರೇಜಿಗೆ
ಸೆರೋಬನ ಬಿಳಿ ನೀವಾ ಕುಂಟುತ್ತ ಬಂತು,
ನಾಲ್ಕರಲ್ಲಿ ಮೂರೇ ಕಾಲೂರುವ ಹೋರಿಯ ಹಾಗೆ,
ಬಾಗಿಲಲ್ಲೇ ನಡುಗಿ ನಿಂತಿತು.
"ಏರಿನಲ್ಲಿ ಎಲೆಕೋಸಿನ ಲಾರಿಗಳೂ ಹಿಂದಿಕ್ಕುತ್ತವೆ, ವರ್ಪೆತ್.
ಯೆರೆವಾನಿನ ಸವಾರಿಗಳು ನಗುತ್ತಾರೆ."

ವರ್ಪೆತ್ ಅಂದರೆ ನಮ್ಮಲ್ಲಿ ಮೇಸ್ತ್ರಿ.
ಕಲ್ಲು ಕೆತ್ತುವವನಿಗೂ ಅದೇ ಹೆಸರು, ಕಾರು ಬಿಚ್ಚುವವನಿಗೂ.
ಮಾನ್ವೆಲ್ ಉತ್ತರ ಕೊಡದೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟ,
ಜ್ವರ ನೋಡುವವನಂತೆ.
"ಬಿಸಿಯಿದೆ. ಆರುವ ಮುಂಚೆ ಪ್ಲಗ್ ತೆಗಿ."

ತೆಗೆದೆ. ಮೂರನೆಯದು ಮಾತ್ರ ಕರಿ, ಒದ್ದೆ, ಪೆಟ್ರೋಲಿನ ನಾತ.
ಕಾಯಿಲ್ ವೈರು ಬಿಡಿಸಿ ಗೇಜು ತಿರುಪಿದೆ.
ಸೆರೋಬ್ ಆಕ್ಸಿಲರೇಟರನ್ನು ಪೂರ್ತಿ ತುಳಿದು ಕೀ ತಿರುವಿದ.
ಒಂದು: ಹನ್ನೆರಡು. ಎರಡು: ಹನ್ನೆರಡಕ್ಕೆ ಚೂರು ಕಮ್ಮಿ.
ನಾಲ್ಕೂ ಹಾಗೇ. ಸೀಮೆಸುಣ್ಣದಲ್ಲಿ ಗೋಡೆಗೆ ಬರೆದೆ.
ಮೂರರ ಮುಳ್ಳು ಆರಕ್ಕೆ ಹೋಗಿ ಕೂತುಬಿಟ್ಟಿತು.
ಎಷ್ಟು ತಿರುಗಿಸಿದರೂ ಆರೇ.
ಸೆರೋಬ್ ಇಳಿದುಬಂದು ಆ ಆರನ್ನು ನೋಡಿದ,
ಮಗನ ಅಂಕಪಟ್ಟಿ ನೋಡುವ ಹಾಗೆ.

"ರಿಂಗ್ ಸವೆದಿದೆ," ಅಂದೆ, ಬಹಳ ತಿಳಿದವಳಂತೆ.
"ಎಣ್ಣೆ ಏನನ್ನುತ್ತದೋ ನೋಡೋಣ."
ಪ್ಲಗ್ಗಿನ ತೂತಿಗೆ ಒಂದು ಚಮಚ ಹೊಯ್ದ.
ರಿಂಗ್ ಸವೆದಿದ್ದರೆ ಎಣ್ಣೆ ಅಂಚಿಗೆ ಮೆತ್ತಿಕೊಂಡು
ಮುಳ್ಳು ಮೇಲೇರಬೇಕು.
ಏರಲಿಲ್ಲ. ಆರು.

ಆಮೇಲೆ ಗಾಳಿ. ಪಿಸ್ಟನ್ ಮೇಲಕ್ಕೆ ತಂದು, ಗೇರಿಗೆ ಹಾಕಿ,
ಕಂಪ್ರೆಸರಿನ ಕೊಳವೆ ಸಿಕ್ಕಿಸಿದೆವು.
ಮುಚ್ಚಿದ ಕೋಣೆಯಿಂದ ಗಾಳಿ ಯಾವ ಕಿಂಡಿಯಲ್ಲಿ ಓಡಿಹೋಗುತ್ತದೆ,
ಇರುವುದು ಅಷ್ಟೇ ಪ್ರಶ್ನೆ.
ಮುಂಚೆಲ್ಲ ಅವನೇ ಸುತ್ತ ತಿರುಗಿ ಆಲಿಸುತ್ತಿದ್ದ.
ಇವತ್ತು ಹಿಂದೆ ಸರಿದು, "ನೀನು ಕೇಳು," ಅಂದ.
ಯಾಕೆಂದು ನಾನು ಕೇಳಲಿಲ್ಲ.

ಎಣ್ಣೆ ಮುಚ್ಚಳದ ಬಾಯಿಗೆ ಕಿವಿಯಿಟ್ಟೆ. ಸದ್ದಿಲ್ಲ.
ರೇಡಿಯೇಟರಿನ ನೀರಲ್ಲಿ ಒಂದು ಗುಳ್ಳೆಯೂ ಇಲ್ಲ,
ನನ್ನ ಮುಖ ಮಾತ್ರ, ಮೂಗಿಗೆ ಮಸಿ.
ಕಾರ್ಬ್ಯುರೇಟರ್ ಕೂಡ ತುಟಿ ಬಿಚ್ಚಲಿಲ್ಲ.
ಹಿಂದೆ ಹೋಗಿ, ಹಿಮದಲ್ಲಿ ಮೊಣಕಾಲೂರಿ,
ಸೈಲೆನ್ಸರಿನ ಕೊಳವೆಗೆ ಕೆನ್ನೆ ಕೊಟ್ಟೆ:
ಸ್ಸ್ಸ್ಸ್...
ಹಲ್ಲುಬಿದ್ದ ಮಗು ನಿದ್ದೆಯಲ್ಲಿ ಉಸಿರು ಬಿಟ್ಟ ಹಾಗೆ.
"ಇಲ್ಲಿದೆ!"
ಅವನು ತಿರುಗಲಿಲ್ಲ. ಮತ್ತೆ ಕೂಗಿದೆ.
ಸೆರೋಬ್ ಅವನ ತೋಳು ಮುಟ್ಟಿದ ಮೇಲೆ ಬಂದ.
ಬಗ್ಗಿದ. ಕಿವಿ ಇಡಲಿಲ್ಲ,
ಬೆರಳನ್ನು ನಾಲಿಗೆಗೆ ತಾಗಿಸಿ ಕೊಳವೆಯ ಬಾಯಿಗೆ ಹಿಡಿದ.
"ಎಕ್ಸಾಸ್ಟ್ ವಾಲ್ವ್."

ಇಂಜಿನ್ ತಣಿಯುವವರೆಗೆ ಕಾಫಿ ಕುಡಿದೆವು.
ಮೇಲ್ಮುಚ್ಚಳ ಬಿಚ್ಚಿದೆವು. ಕ್ಯಾಮಿಗೂ ರಾಕರಿಗೂ ನಡುವೆ
ಕೂದಲೆಳೆಯಷ್ಟು ಸಂದು ಇರಬೇಕು.
ಗೇಜಿನ ಎಲೆ ತೂರಿಸಿದೆ, ಹೋಗಲಿಲ್ಲ.
ಅದಕ್ಕೂ ತೆಳ್ಳನೆಯದು, ಹೋಗಲಿಲ್ಲ.
ಎಲ್ಲಕ್ಕಿಂತ ತೆಳ್ಳನೆಯದು ನನ್ನ ಕೈಯಲ್ಲೇ ಮಡಚಿಕೊಂಡಿತು.
ಕಾದು ಉದ್ದವಾದ ವಾಲ್ವಿಗೆ
ಬಾಗಿಲು ಪೂರ್ತಿ ಮುಚ್ಚುವಷ್ಟು ಬಿಡುವು ಕೊಟ್ಟಿರಲಿಲ್ಲ ಯಾರೂ.
ತಲೆ ಎತ್ತಿ ನೋಡಿದರೆ ಅದರ ಅಂಚನ್ನು ಬೆಂಕಿ
ಇಲಿ ರೊಟ್ಟಿ ತಿಂದಂತೆ ತಿಂದಿತ್ತು.

ಅಕ್ಟೋಬರಿನಲ್ಲಿ ಆ ಸಂದು ಹೊಂದಿಸಿದ್ದು ಯಾರೆಂದು
ಮೂವರಿಗೂ ಗೊತ್ತಿತ್ತು.
"ಟಿಕ್ ಟಿಕ್ ಅನ್ನುತ್ತದೆ, ನಿಲ್ಲಿಸು," ಅಂದಿದ್ದ ಸೆರೋಬ್.
ಗೇಜು ಜೇಬಿನಲ್ಲೇ ಇತ್ತು. ಮಾನ್ವೆಲ್ ಬಿಗಿದು ಕೇಳಿದ್ದ,
"ಈಗ?" "ಇನ್ನೂ ಇದೆ."
"ಈಗ?" "ಚೂರು ಇದೆ."
ಇನ್ನೊಬ್ಬನ ಕಿವಿಯನ್ನು ನಂಬಿ
ಸದ್ದು ಸಾಯುವವರೆಗೂ ಬಿಗಿದಿದ್ದ.

ಸೆರೋಬ್ ಏನೂ ಅನ್ನದೆ ಸಿಗರೇಟು ನೀಡಿದ.
ಮಾನ್ವೆಲ್ ಬಿಲ್ಲಿನಲ್ಲಿ ವಾಲ್ವಿನ ಬೆಲೆ ಬರೆದು,
ಕೂಲಿಯ ಮುಂದೆ ಗೀಟು ಎಳೆದ.
"ಎಡಗಿವಿ ಹೋಗಿ ಎರಡು ವರ್ಷ," ಅಂದ,
ಕಾರಿಗೆ ಹೇಳುವವನಂತೆ. "ಬಲದ್ದೂ ಹೊರಟಿದೆ."

ಶನಿವಾರ ಹೊಸ ವಾಲ್ವಿಗೆ ಸಂದು ಹೊಂದಿಸಿದ್ದು ನಾನು.
ಎಲೆ ಒಳಗೆ ಜಾರಿತು, ತುಸುವೇ ತಡೆದು.
ಕೀ ತಿರುವಿದೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.
"ಸದ್ದಿದೆಯಾ?"
"ಇದೆ. ಚೂರು ಟಿಕ್ ಟಿಕ್."
"ಇರಲಿ."

ಗೋಡೆಯ ಮೇಲಿನ ಆರನ್ನು ಒರೆಸಹೋದೆ.
ಅದೂ ಇರಲಿ, ಅಂದ.