ಹೊಳೆಬಾಗಿಲು

ಸಾಗರದ ಆಸ್ಪತ್ರೆ, ಲ್ಯಾಬಿನ ಕಿಟಕಿಕಟ್ಟೆಗೆ ಮೊಣಕೈಯೂರಿ
ಗಾಮಪ್ಪ ಕೇಳಿದ:
‘ಮೂರು ದಿನ ಬರೀ ಗಂಜಿತಿಳಿ ಕುಡ್ದು ಬಂದೀನಿ ಮಾರಾಯ್ತಿ,
ನಿನ್ನ ಚೀಟಿ ಯಾಕೆ ಒಂಬತ್ತು ಚಿಲ್ಲರೆ ಅಂತದೆ?
ಇನ್ನೊಮ್ಮೆ ತೆಗಿ, ನೋಡು.’

ಚೀಟಿಗೆ ಮೂರು ದಿನದ್ದಲ್ಲ, ಮೂರು ತಿಂಗಳ ನೆನಪು.
ಗೌರಿಹಬ್ಬದ ಹೋಳಿಗೆ, ತಂಗಿಯ ಮೊಮ್ಮಗನ ನಾಮಕರಣದ ಪಾಯಸ,
ಯಾರೂ ಇಲ್ಲದಾಗ ಬೆರಳದ್ದಿ ನೆಕ್ಕಿದ ಜೋನಿಬೆಲ್ಲ:
ಎಲ್ಲಾ ಬರೆದಿಟ್ಟಿದೆ ಕೆಂಪು ಕಣ.
ಇದನ್ನು ಹೇಗೆ ಹೇಳಲಿ ಇವನಿಗೆ?

ಡಿಪ್ಲೊಮಾದ ಎರಡನೇ ವರ್ಷ, ಶಿವಮೊಗ್ಗದ ಹಾಸ್ಟೆಲಿನ ಮೆಟ್ಟಿಲ ಮೇಲೆ
ನಾನು ಉರು ಹೊಡೆದ ಸಾಲು:
ಕಣದ ಪೊರೆಯಲ್ಲೊಂದು ಪ್ರೋಟೀನು, ಸಕ್ಕರೆ ಹಿಡಿಯುವಂಥದ್ದು,
ಪೊರೆಯನ್ನು ಹನ್ನೆರಡು ಸಲ ದಾಟಿ ಹೊಲಿದುಕೊಂಡು ನಿಂತದ್ದು.
ಐದು ಅಂಕದ ಪ್ರಶ್ನೆ. ಐದೂ ಬಂದವು.
ಅರ್ಥ ಬರಲಿಲ್ಲ.

ತೋಳಿಗೆ ಪಟ್ಟಿ ಬಿಗಿಯುತ್ತ, ಸೂಜಿ ಮರೆಸಲೆಂದು ಕೇಳಿದೆ:
‘ನಿಮ್ಮ ಲಾಂಚಿಗೆ ಎಷ್ಟು ಬಾಗಿಲು ಮಾವ?’

‘ಎರಡು. ಈ ದಡಕ್ಕೊಂದು, ಆ ದಡಕ್ಕೊಂದು.
ಇದು ಇಳ್ದಾಗ ಅದು ಎದ್ದಿರಬೇಕು.
ಬಸ್ಸು ಹತ್ತಿತು, ಹಾಲಿನ ಕ್ಯಾನು ಹತ್ತಿತು, ನಾ ಸೀಟಿ ಹೊಡ್ದೆ,
ಇದೂ ಎದ್ದಿತು. ನಡುಹೊಳೇಲಿ ಎರಡೂ ಮುಚ್ಚೇ ಇರ್ತವೆ.
ಆ ದಡ ಮುಟ್ಟಿದ ಮೇಲೇ ಅದು ಇಳಿಯೋದು.’

‘ಎರಡೂ ಒಟ್ಟಿಗೆ ಇಳಿಸಿದ್ರೆ?’

‘ಹೊಳೆಯೇ ಹತ್ತಿಬಿಡ್ತದೆ, ಟಿಕೀಟಿಲ್ದೆ.’

ನಾಳಕ್ಕೆ ರಕ್ತ ಇಳಿಯುತ್ತಿತ್ತು. ನನ್ನ ಕೈ ಒಂದು ಗಳಿಗೆ ನಿಂತಿತು.
ಹದಿಮೂರು ವರ್ಷದ ಹಿಂದಿನ ಆ ಸಾಲು
ಕಿರ್ರೆಂದು ಸದ್ದು ಮಾಡಿ ಬಾಗಿಲಿಳಿಸಿತು.

ಹೊರಕ್ಕೆ ಬಾಯ್ತೆರೆದು, ಒಂದೇ ಒಂದು ಸಕ್ಕರೆಯ ಕೈ ಹಿಡಿದು,
ಮುಚ್ಚಿ,
ಒಳಕ್ಕೆ ತೆರೆದು, ಇಳಿಸಿ,
ಬರಿದಾಗಿ ತಿರುಗಿ ಬರುವುದು.
ಡೀಸೆಲ್ಲಿಲ್ಲ. ಜನ ಹೆಚ್ಚಿದ ದಡದಿಂದ ಜನ ಕಡಿಮೆಯ ದಡಕ್ಕೆ,
ಅಷ್ಟೇ ಅದರ ದಾರಿ.
ಮಾಂಸದ ಮನೆ, ಕೊಬ್ಬಿನ ಮನೆಗಳಿಗೆ ಇನ್ಸುಲಿನ್ ಬಂದು ಕದ ತಟ್ಟಬೇಕು;
ಇಲ್ಲಿ ಅಪ್ಪಣೆ ಕೇಳುವವರಿಲ್ಲ.
ಹೊಳೆಯಲ್ಲಿ ಸಿಹಿ ಏರಿದಷ್ಟೂ ಕಣದೊಳಗೂ ಏರುತ್ತದೆ,
‘ಇವತ್ತು ಜಾಗವಿಲ್ಲ’ ಎನ್ನಲು ಬಾರದು ಈ ಲಾಂಚಿಗೆ.

ಹಸುವಿಗೆ, ದೊಡ್ಡದಾದ ಮೇಲೆ, ಈ ಬಾಗಿಲು ಹೆಚ್ಚುಕಡಿಮೆ ಇಲ್ಲವಂತೆ.
ನೆಲ್ಲಿಕಾಯಿಯ ಸತ್ವವನ್ನು ಅದು ತನ್ನೊಡಲಲ್ಲೇ ಮಾಡಿಕೊಳ್ಳುತ್ತದೆ.
ನಮಗದು ಬಾರದು; ಹಳಸಿದ್ದನ್ನೇ ಒಳಗೆಳೆದು ಹೊಸತು ಮಾಡಿಕೊಳ್ಳಬೇಕು.
ಅದಕ್ಕೇ ತೆರೆದಿಟ್ಟುಕೊಂಡೆವೋ ಏನೋ,
ಕೊರತೆಗೆಂದು ಇಟ್ಟ ಬಾಗಿಲು.

ಮತ್ತೆ ಈ ಕಣವೋ, ಹೊಳೆಗೆ ಇಳಿಯುವ ಮುಂಚೆಯೇ
ತನ್ನ ಮೂಲಪತ್ರವನ್ನೆಲ್ಲ ಮೂಳೆಯೊಳಗೆ ಬಿಟ್ಟು ಬಂದದ್ದು.
ಕೆಟ್ಟರೆ ಹೊಸ ಲಾಂಚು ಕಟ್ಟಲಾರದು.
ನೂರಿಪ್ಪತ್ತು ದಿನ, ಅವೇ ಬಾಗಿಲು.
‘ನಮ್ಮಜ್ಜನ ಪಹಣಿಯೂ ನೀರಡಿಗೇ ಉಂಟು’ ಎಂದ ಗಾಮಪ್ಪ,
ಯಾರಿಗೂ ಅಲ್ಲ, ಕಿಟಕಿಗೆ.

‘ಈಗ ಸೇತುವೆ ಬಂತಲ್ಲ ಮಾವ, ಸಲೀಸು.’

‘ಸಲೀಸು ಹೌದು. ಹಗಲೂ ರಾತ್ರಿ ಎರಡೂ ಕಡೆ ಬಾ ಅಂತದೆ.
ಯಾರು ಹೋದ್ರು, ಯಾರು ಬಂದ್ರು, ಅದಕ್ಕೇನು ಗೊತ್ತು?
ನನಗೆ ಗೊತ್ತಿತ್ತು.
ಆ ಕಟ್ಟಿನಕಾರಿನ ಹುಡುಗಿ ಬಸುರಿಯಾಗಿ ಈಚೆ ಬಂದದ್ದು,
ಬರೀ ಕೈಯಲ್ಲಿ ಆಚೆ ಹೋದದ್ದು.
ಆವತ್ತು ಅವಳ ಹತ್ರ ಟಿಕೀಟು ಕೇಳಲಿಲ್ಲ ನಾನು.’

ಹತ್ತಿ ಒತ್ತಿದೆ. ನಾಳಕ್ಕೆ ಹೆಸರು ಅಂಟಿಸಿದೆ.
ಅವನು ತೋಳು ಮಡಚಿಕೊಂಡು ಬಾಗಿಲವರೆಗೆ ಹೋಗಿ
ತಿರುಗಿ ನಿಂತ.

‘ಅಲ್ಲಾ, ಮೂರ್ನಾಲ್ಕು ತಿಂಗಳಿಗೆ ಈ ಕಣಗಳೆಲ್ಲ ಸಾಯ್ತವೆ ಅಂದ್ಯಲ್ಲ?’
‘ಹೌದು ಮಾವ.’
‘ಹೊಸಬರು ಬರ್ತಾರೆ?’
‘ದಿನಾ ಬರ್ತಾ ಇರ್ತಾರೆ.’
‘ನಾನು ಜೋನಿಬೆಲ್ಲ ತಿಂದದ್ದು
ಅವರಿಗೆ ಯಾರೂ ಹೇಳುದಿಲ್ಲ ತಾನೆ?’